ಕಸದ ಗುಡ್ಡ ತೋಟವಾದ ಮೇಲೆ
(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಇಂತಹ ಸಭೆಗಳಲ್ಲಿ ನಾವು ಸಾಮಾನ್ಯವಾಗಿ ಫಲಿತಾಂಶ, ವಿದ್ಯಾರ್ಥಿವೇತನ, ಉದ್ಯೋಗ ಇವುಗಳ ಬಗ್ಗೆ ಮಾತನಾಡುತ್ತೇವೆ. ಅವು ಬೇಕಾದ ಮಾತುಗಳೇ. ಆದರೆ ಶಾಲೆಯ ಕೊನೆಯ ಗಂಟೆ ಹೊಡೆದ ಮೇಲೆ ನಮ್ಮ ಮಕ್ಕಳು ಎಲ್ಲಿಗೆ ಹೋಗುತ್ತಾರೆ? ನಮ್ಮ ಬಹುತೇಕ ಮೊಹಲ್ಲಾಗಳಲ್ಲಿ ಹುಡುಗರಿಗೆ ರಸ್ತೆ, ಹುಡುಗಿಯರಿಗೆ ಮನೆಯ ನಾಲ್ಕು ಗೋಡೆ. ಎಲ್ಲೋ ಒಂದು ಮೂಲೆಯಲ್ಲಿ ಖಾಲಿ ಜಾಗವಿದ್ದರೆ ಅದು ಕಸ ಸುರಿಯುವ ಜಾಗ. ಆ ಖಾಲಿ ಜಾಗವೂ ಶಿಕ್ಷಣದ ವಿಷಯವೇ ಎಂದು ಹೇಳಲು ನಾನು ಇಂದು ನಿಂತಿದ್ದೇನೆ. ಉದಾಹರಣೆಗೆ ಈಜಿಪ್ಟಿನ ರಾಜಧಾನಿ ಕೈರೋ ನಗರದ ಒಂದು ಗುಡ್ಡವನ್ನು ತೆಗೆದುಕೊಳ್ಳುತ್ತೇನೆ.

ಜಗತ್ಪ್ರಸಿದ್ಧ ಅಲ್ ಅಝ್‌ಹರ್ ಮಸೀದಿಯಿಂದ ಸ್ವಲ್ಪವೇ ದೂರದಲ್ಲಿ, ಹಳೆಯ ನಗರದ ಪೂರ್ವದ ಅಂಚಿನಲ್ಲಿ, ದರ್ರಾಸ ಎಂಬ ಗುಡ್ಡವಿತ್ತು. ಅದು ದೇವರು ಸೃಷ್ಟಿಸಿದ ಗುಡ್ಡವಲ್ಲ. ಸುಮಾರು 500 ವರ್ಷಗಳ ಕಾಲ ನಗರದ ಜನ ಮುರಿದ ಮನೆಗಳ ಕಲ್ಲುಮಣ್ಣನ್ನೂ ಕಸವನ್ನೂ ತಂದು ಸುರಿದು ಬೆಳೆಸಿದ ಗುಡ್ಡ. ಒಂದು ಕಡೆ ಜನರು ಕಿಕ್ಕಿರಿದು ವಾಸಿಸುವ ದರ್ಬ್ ಅಲ್ ಅಹ್ಮರ್ ಎಂಬ ಹಳೆಯ ಬಡಾವಣೆ, ಇನ್ನೊಂದು ಕಡೆ ಪುರಾತನ ಖಬರ್‌ಸ್ತಾನ, ನಡುವೆ ಈ ಧೂಳಿನ ರಾಶಿ.

1984ರಲ್ಲಿ ಕೈರೋದಲ್ಲಿ ಮಹಾನಗರಗಳ ಬೆಳವಣಿಗೆಯ ಬಗ್ಗೆ ಒಂದು ವಿಚಾರಗೋಷ್ಠಿ ನಡೆಯಿತು. ಆ ಸಂದರ್ಭದಲ್ಲಿ ಇಸ್ಮಾಯಿಲಿ ಮುಸ್ಲಿಮರ ಅಂದಿನ ಇಮಾಮರಾಗಿದ್ದ ನಾಲ್ಕನೇ ಆಗಾ ಖಾನ್ ಅವರು ಕೈರೋದ ಜನರಿಗೆ ಒಂದು ಉದ್ಯಾನವನ್ನು ಕಾಣಿಕೆಯಾಗಿ ಕೊಡಲು ತೀರ್ಮಾನಿಸಿದರು. ಕೈರೋವನ್ನು 969ರಲ್ಲಿ ಸ್ಥಾಪಿಸಿದ ಫಾತಿಮಿ ಖಲೀಫರು ಅವರ ಪೂರ್ವಜರು. ಉದ್ಯಾನಕ್ಕಾಗಿ ದೊರೆತದ್ದು ಈ ಕಸದ ಗುಡ್ಡ, ಸುಮಾರು 30 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 74 ಎಕರೆ.

ಕಾಣಿಕೆ ಘೋಷಿಸುವುದು ಸುಲಭ, ಕೆಲಸ ಕಷ್ಟ. ನಗರಕ್ಕೆ ಕುಡಿಯುವ ನೀರಿನ ಮೂರು ದೊಡ್ಡ ತೊಟ್ಟಿಗಳನ್ನು ಅದೇ ಜಾಗದಲ್ಲಿ ಕಟ್ಟಬೇಕಾಗಿತ್ತು. ಒಂದೊಂದರ ಅಡ್ಡಳತೆ 80 ಮೀಟರ್. ತೊಟ್ಟಿಗಳನ್ನು ನೆಲದೊಳಗೆ ಕಟ್ಟಿ, ಅವುಗಳ ಮೇಲೆಯೇ ಉದ್ಯಾನವನ್ನು ರೂಪಿಸಬೇಕಾಯಿತು. ಮಣ್ಣಿನಲ್ಲಿ ಗಿಡಕ್ಕೆ ಆಗದಷ್ಟು ಉಪ್ಪು. ಲಕ್ಷಾಂತರ ಘನಮೀಟರ್ ಕಲ್ಲುಮಣ್ಣು ಸಾಗಿಸಿ, ಒಳ್ಳೆಯ ಮಣ್ಣು ಹರಡಿ, ಆ ನೆಲಕ್ಕೆ ಒಗ್ಗುವ ಸಸಿಗಳನ್ನು ಬೇರೆಡೆ ಬೆಳೆಸಿ ತಂದು ನೆಟ್ಟರು. ಸುಮಾರು 3 ಕೋಟಿ ಡಾಲರ್ ಖರ್ಚಾಯಿತು. 2005ರಲ್ಲಿ ಅಲ್ ಅಝ್‌ಹರ್ ಉದ್ಯಾನ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಮಾತು ಕೊಟ್ಟದ್ದು 1984ರಲ್ಲಿ, ಈಡೇರಿದ್ದು 2005ರಲ್ಲಿ. ವಿದ್ಯಾರ್ಥಿ ಮಿತ್ರರೇ, ಒಳ್ಳೆಯ ಕೆಲಸಕ್ಕೆ 21 ವರ್ಷ ಹಿಡಿಯಬಹುದು ಎಂಬುದನ್ನು ನೆನಪಿಡಿ.

ಮಣ್ಣು ತೆಗೆಯುತ್ತಾ ಹೋದಂತೆ ಕಸದಡಿಯಲ್ಲಿ ಹೂತುಹೋಗಿದ್ದ ಕೋಟೆಯ ಗೋಡೆ ಹೊರಬಂತು. 12ನೇ ಶತಮಾನದಲ್ಲಿ ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿ ಕಟ್ಟಿಸಲಾರಂಭಿಸಿದ ಗೋಡೆ ಅದು, ಸುಮಾರು ಒಂದೂವರೆ ಕಿಲೋಮೀಟರ್ ಉದ್ದ. ಅದರ ಒಳಬದಿಗೆ ಆನಿಸಿ ದರ್ಬ್ ಅಲ್ ಅಹ್ಮರಿನ ಬಡವರ ಮನೆಗಳಿದ್ದವು. ಗೋಡೆ ಚೆನ್ನಾಗಿ ಕಾಣಬೇಕಾದರೆ ಮನೆಗಳನ್ನು ಕೆಡವಬೇಕು ಎಂಬುದು ಹಿಂದಿನ ಸರಕಾರಿ ಯೋಜನೆ. ಇಲ್ಲಿಯೇ ನನ್ನ ಇಂದಿನ ಮಾತಿನ ಮುಖ್ಯ ಪ್ರಶ್ನೆ ಇರುವುದು. ನಗರದ ಒಂದು ಜಾಗವನ್ನು ಚೆಂದ ಮಾಡಿದಾಗ ಅದು ಯಾರಿಗಾಗಿ? ಅಲ್ಲಿ ಮೊದಲಿನಿಂದ ಇದ್ದವರಿಗೋ, ಅವರನ್ನು ಎಬ್ಬಿಸಿದ ಮೇಲೆ ಬರುವವರಿಗೋ?

ಕೆಲಸ ವಹಿಸಿಕೊಂಡಿದ್ದ ಆಗಾ ಖಾನ್ ಸಾಂಸ್ಕೃತಿಕ ಟ್ರಸ್ಟ್‌ನವರು ಮನೆಗಳನ್ನು ಉಳಿಸಿಕೊಂಡೇ ಗೋಡೆಯನ್ನು ದುರಸ್ತಿ ಮಾಡುವ ದಾರಿ ಹಿಡಿದರು. ಗೋಡೆಯ ಕಲ್ಲು ಕಡೆಯಲು, ಮರಗೆಲಸಕ್ಕೆ, ತೋಟದ ಕೆಲಸಕ್ಕೆ ಅದೇ ಬಡಾವಣೆಯ ಯುವಕರಿಗೆ ತರಬೇತಿ ಕೊಟ್ಟರು. ಮನೆ ರಿಪೇರಿಗೆ, ಸಣ್ಣ ವ್ಯಾಪಾರಕ್ಕೆ ಸಾಲದ ವ್ಯವಸ್ಥೆ ಮಾಡಿದರು. ದರ್ಬ್ ಶೋಗ್ಲಾನ್ ಎಂಬಲ್ಲಿನ ಹಳೆಯ ಶಾಲಾ ಕಟ್ಟಡವನ್ನು ಸಮುದಾಯ ಕೇಂದ್ರವನ್ನಾಗಿ ಮಾಡಿದರು. 14ನೇ ಶತಮಾನದ ಉಮ್ಮುಸ್ಸುಲ್ತಾನ್ ಶಅಬಾನ್ ಮಸೀದಿ ಮತ್ತು ಮದ್ರಸವನ್ನು ದುರಸ್ತಿಗೊಳಿಸಿದರು.

ಈಗ ಕಲೆಯ ವಿಷಯ. ಸಾರ್ವಜನಿಕ ಕಲೆ ಎಂದ ಕೂಡಲೇ ನಮ್ಮಲ್ಲಿ ಕೆಲವರಿಗೆ ಅಳುಕು. ಚಿತ್ರ, ಪ್ರತಿಮೆಗಳ ಬಗ್ಗೆ ಉಲಮಾಗಳಲ್ಲಿರುವ ಚರ್ಚೆಯನ್ನು ನಾನು ಇಲ್ಲಿ ಎತ್ತುವುದಿಲ್ಲ, ಅದು ಬಲ್ಲವರ ಕೆಲಸ. ಆದರೆ ನಮ್ಮ ಪೂರ್ವಿಕರು ಬೀದಿಯಲ್ಲಿ ಕಲೆಯನ್ನಿಟ್ಟವರು ಎಂಬುದನ್ನು ಮರೆಯಬಾರದು. ಕೈರೋದ ಹಳೆಯ ಬೀದಿಗಳಲ್ಲಿ 'ಸಬೀಲ್ ಕುತ್ತಾಬ್' ಎಂಬ ಕಟ್ಟಡಗಳಿವೆ. ಕೆಳಗಿನ ಮಹಡಿಯಲ್ಲಿ ದಾರಿಹೋಕರಿಗೆ ಉಚಿತ ನೀರು, ಮೇಲಿನ ಮಹಡಿಯಲ್ಲಿ ಮಕ್ಕಳಿಗೆ ಓದು. ಗೋಡೆಯ ತುಂಬ ಕಲ್ಲಿನ ಕೆತ್ತನೆ, ಬಣ್ಣದ ಅಮೃತಶಿಲೆ, ಸುಂದರ ಅಕ್ಷರಗಳು. 1744ರಲ್ಲಿ ಅಬ್ದುರ್ರಹ್ಮಾನ್ ಕತ್‌ಖುದಾ ಕಟ್ಟಿಸಿದ ಸಬೀಲ್ ಕುತ್ತಾಬ್ ಇಂದಿಗೂ ಅಲ್ ಮುಇಝ್ ಬೀದಿಯಲ್ಲಿ ನಿಂತಿದೆ. ನೀರು, ವಿದ್ಯೆ, ಕಲೆ ಮೂರನ್ನೂ ಒಂದೇ ಸೂರಿನಡಿ ಜನರಿಗೆ ಕೊಟ್ಟು, ಅದರ ಖರ್ಚಿಗೆ ವಕ್ಫ್ ಮಾಡಿಟ್ಟು ಹೋಗುವುದು ಅಂದಿನ ರೂಢಿಯಾಗಿತ್ತು.

ಅಲ್ ಅಝ್‌ಹರ್ ಉದ್ಯಾನದಲ್ಲಿ ಈ ಪರಂಪರೆ ಬೇರೆ ರೂಪದಲ್ಲಿ ಮುಂದುವರಿಯಿತು. ನೀರಿನ ಕಾಲುವೆ, ಕಾರಂಜಿ, ಜ್ಯಾಮಿತಿ ವಿನ್ಯಾಸದ ಕಲ್ಲುಹಾಸು ಇವೇ ಅಲ್ಲಿನ ಕಲಾಕೃತಿಗಳು. ಜೊತೆಗೆ ಜನೈನಾ ಎಂಬ ಬಯಲು ರಂಗಮಂದಿರವನ್ನೂ ಕಟ್ಟಿದರು. ಅದನ್ನು ನಡೆಸಿದ್ದು ಅಲ್ ಮೌರಿದ್ ಅಲ್ ಸಖಾಫಿ ಎಂಬ ಸಾಂಸ್ಕೃತಿಕ ಸಂಸ್ಥೆ. 2010ರಲ್ಲಿ ಅದೇ ಸಂಸ್ಥೆ ದರ್ಬ್ ಅಲ್ ಅಹ್ಮರಿನ ಮಕ್ಕಳಿಗಾಗಿ ಒಂದು ಕಲಾಶಾಲೆಯನ್ನು ಆರಂಭಿಸಿತು. ತಾಳವಾದ್ಯ, ಹಾಡು, ಸರ್ಕಸ್ ಕಸರತ್ತು ಇವುಗಳನ್ನು ಅಲ್ಲಿ ಕಲಿಸಿದರು. ಉದ್ಯಾನದ ಪಕ್ಕದ ಮಗು ಬೇಲಿಯಾಚೆ ನಿಂತು ನೋಡುವುದರ ಬದಲು ತಾನೇ ವೇದಿಕೆ ಹತ್ತುವಂತಾಯಿತು.

ಎಲ್ಲವೂ ಸುಖಾಂತವಾಯಿತು ಎಂದು ಹೇಳಿದರೆ ನಾನು ನಿಮಗೆ ಅರ್ಧ ಕಥೆ ಹೇಳಿದಂತೆ. ಉದ್ಯಾನಕ್ಕೆ ಬೇಲಿ ಇದೆ, ಟಿಕೆಟ್ ಇದೆ. ನಿರ್ವಹಣೆಗೆ ಹಣ ಬೇಕು ನಿಜ, ಆದರೆ ಐದಾರು ಮಕ್ಕಳಿರುವ ಬಡ ಕುಟುಂಬಕ್ಕೆ ಚಿಕ್ಕ ಟಿಕೆಟ್ಟೂ ದೊಡ್ಡದೇ. ಎರಡನೆಯದಾಗಿ, ದೇಶದ ರಾಜಕೀಯ ಪರಿಸ್ಥಿತಿ ಬಿಗಿಯಾಗುತ್ತಾ ಬಂದು, 2014ರಲ್ಲಿ ಅಲ್ ಮೌರಿದ್ ಸಂಸ್ಥೆ ಈಜಿಪ್ಟಿನಲ್ಲಿ ತನ್ನ ಚಟುವಟಿಕೆಗಳನ್ನು ನಿಲ್ಲಿಸಿಬಿಟ್ಟಿತು. ರಂಗಮಂದಿರದ ಕಲ್ಲಿನ ಮೆಟ್ಟಿಲುಗಳಿಗೆ ಏನೂ ಆಗಲಿಲ್ಲ. ಅವುಗಳ ಮೇಲೆ ಜನರನ್ನು ಕೂರಿಸುತ್ತಿದ್ದ ಸಂಸ್ಥೆ ಮಾತ್ರ ಹೊರಟುಹೋಯಿತು. ಕಟ್ಟಡಕ್ಕಿಂತ ಕಾರ್ಯಕ್ರಮ ಬೇಗ ಸಾಯುತ್ತದೆ. ನಮ್ಮ ಸಂಘ ಸಂಸ್ಥೆಗಳು ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಕಟ್ಟಡಕ್ಕೆ ದೇಣಿಗೆ ಕೊಡುವವರು ಸಿಗುತ್ತಾರೆ, ಅಮೃತಶಿಲೆಯ ಮೇಲೆ ಹೆಸರು ಕೆತ್ತಿಸಬಹುದಲ್ಲ! ಪ್ರತಿ ಭಾನುವಾರ ಮಕ್ಕಳಿಗೆ ಕಲಿಸುವವರ ಸಂಭಾವನೆಗೆ ಕೊಡುವವರು ಕಡಿಮೆ.

ನಮ್ಮ ದೇಶಕ್ಕೆ ಬರೋಣ. ದಿಲ್ಲಿಯಲ್ಲಿ ಹುಮಾಯೂನ್ ಸಮಾಧಿಯ ಪಕ್ಕದ ಸುಂದರ್ ನರ್ಸರಿ ಬಹುಕಾಲ ಜನರ ಕಣ್ಣಿಗೆ ಬೀಳದ ಸರಕಾರಿ ಸಸ್ಯಕ್ಷೇತ್ರವಾಗಿತ್ತು. 2007ರಲ್ಲಿ ಸರಕಾರಿ ಇಲಾಖೆಗಳು ಮತ್ತು ಅದೇ ಟ್ರಸ್ಟ್ ಒಪ್ಪಂದ ಮಾಡಿಕೊಂಡು ಅದನ್ನೂ, ಹತ್ತಿರದ ನಿಜಾಮುದ್ದೀನ್ ಬಸ್ತಿಯನ್ನೂ ಒಟ್ಟಿಗೆ ಕೈಗೆತ್ತಿಕೊಂಡವು. 2018ರಲ್ಲಿ 90 ಎಕರೆಯ ಉದ್ಯಾನ ಜನರಿಗೆ ತೆರೆಯಿತು. ಅಷ್ಟರಲ್ಲಿ ಬಸ್ತಿಯ ನಗರಪಾಲಿಕೆ ಶಾಲೆ ಮತ್ತು ಆಸ್ಪತ್ರೆ ಸುಧಾರಿಸಿದ್ದವು, ಹಜರತ್ ನಿಜಾಮುದ್ದೀನ್ ದರ್ಗಾದ ಬಾವಲಿಯ ಹೂಳು ತೆಗೆದಾಗಿತ್ತು. ಬಸ್ತಿಯ ಹೆಣ್ಣುಮಕ್ಕಳು 'ಇನ್ಶಾ ಎ ನೂರ್' ಹೆಸರಿನಲ್ಲಿ ಕಸೂತಿ, ಕಾಗದ ಕತ್ತರಿಸುವ ಸಾಂಝಿ ಕಲೆಯ ವಸ್ತುಗಳನ್ನು ಮಾಡಿ ಮಾರತೊಡಗಿದರು. ಇನ್ನೊಂದು ಗುಂಪು 'ಝಾಯಿಕಾ ಎ ನಿಜಾಮುದ್ದೀನ್' ಎಂಬ ಹೆಸರಿನಲ್ಲಿ ಮನೆಯಡುಗೆಯನ್ನು ಹೊರಗೆ ತಂದಿತು. ಮನೆಯೊಳಗಿದ್ದ ಕೈಕೆಲಸ ಹೀಗೆ ನಗರದ ಕಣ್ಣಿಗೆ ಬಿತ್ತು, ಮನೆಗೆ ಆದಾಯವೂ ಬಂತು.

ನಮ್ಮ ಬೆಂಗಳೂರಿನಲ್ಲಿಯೇ ಶೇಷಾದ್ರಿ ರಸ್ತೆಯ ಹಳೆಯ ಸೆಂಟ್ರಲ್ ಜೈಲನ್ನು ನೋಡಿ. 2000ದ ಹೊತ್ತಿಗೆ ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದರು. ಜೈಲಿನ ಜಾಗ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಕಾವಲು ಗೋಪುರವನ್ನೂ ಹಳೆಯ ಬ್ಯಾರಕನ್ನೂ ಕೆಡವದೆ ಉಳಿಸಿಕೊಂಡರು. ತುರ್ತು ಪರಿಸ್ಥಿತಿಯಲ್ಲಿ ದೊಡ್ಡ ದೊಡ್ಡ ನಾಯಕರನ್ನು ಕೂಡಿಹಾಕಿದ್ದ ಆವರಣದಲ್ಲಿ ಇಂದು ರೈತರು, ಕಾರ್ಮಿಕರು, ಅಂಗನವಾಡಿ ತಾಯಂದಿರು ತಮ್ಮ ಬೇಡಿಕೆಗಳನ್ನು ಮುಂದಿಡುತ್ತಾರೆ. ಇನ್ನು ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಚಿತ್ರಸಂತೆ. ವರ್ಷದಲ್ಲಿ ಒಂದು ದಿನ ಕುಮಾರಕೃಪಾ ರಸ್ತೆಯೇ ಚಿತ್ರಶಾಲೆಯಾಗುತ್ತದೆ. ಅದಕ್ಕೆ ಹೊಸ ಕಟ್ಟಡ ಬೇಕಾಗಲಿಲ್ಲ. ರಸ್ತೆಯನ್ನು ಒಂದು ದಿನ ಜನರಿಗೆ ಬಿಟ್ಟುಕೊಡುವ ಮನಸ್ಸು ಸಾಕಾಯಿತು.

ನಮ್ಮಿಂದ ಏನು ಸಾಧ್ಯ ಎಂದು ನೀವು ಕೇಳಬಹುದು. ನಮ್ಮ ಬಳಿ 3 ಕೋಟಿ ಡಾಲರ್ ಇಲ್ಲ. ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ಸರಿಸುವುದೂ ಸದಖಾ ಎಂದು ಪ್ರವಾದಿಯವರು (ಸ) ಕಲಿಸಿದ್ದಾರೆ. ಅದಕ್ಕೆ ಹಣವಂತನಾಗಬೇಕೆಂಬ ಷರತ್ತಿಲ್ಲ. ಆದ್ದರಿಂದ ಸಂಘದ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತೇನೆ.

ಒಂದು, ಪ್ರತಿ ಘಟಕವೂ ತನ್ನ ಮೊಹಲ್ಲಾದಲ್ಲಿ ಕಸ ಬೀಳುವ ಒಂದು ಜಾಗವನ್ನು ಗುರುತಿಸಲಿ. ಅದು ನಗರಸಭೆಯದೋ, ವಕ್ಫ್‌ನದೋ, ಖಾಸಗಿಯದೋ ಎಂದು ದಾಖಲೆ ನೋಡಿ ಲಿಖಿತ ಅನುಮತಿ ಪಡೆಯಲಿ. ಅನುಮತಿ ಇಲ್ಲದೆ ಮಾಡಿದ ಒಳ್ಳೆಯ ಕೆಲಸ ನಾಳೆ ಜಗಳವಾಗುತ್ತದೆ. ಎರಡು, ಕೆಲಸ ಶುರುವಾಗುವ ಮೊದಲು ಅಕ್ಕಪಕ್ಕದ ಮನೆಯವರನ್ನು, ವಿಶೇಷವಾಗಿ ತಾಯಂದಿರನ್ನು, ಕೇಳಲಿ. ಅಲ್ಲಿ ತಳ್ಳುಗಾಡಿ ಇಟ್ಟುಕೊಂಡವನಿದ್ದರೆ ಅವನಿಗೂ ಹೊಸ ಜಾಗದಲ್ಲಿ ಸ್ಥಳವಿರಲಿ. ಮೂರು, ಗೋಡೆಯ ಮೇಲೆ ಕನ್ನಡ, ಉರ್ದು ಅಕ್ಷರಕಲೆಯನ್ನು, ಜ್ಯಾಮಿತಿ ವಿನ್ಯಾಸವನ್ನು ನಮ್ಮ ಮಕ್ಕಳೇ ಬರೆಯಲಿ. ಗಣಿತದ ಮೇಷ್ಟ್ರು, ಚಿತ್ರಕಲೆಯ ಮೇಷ್ಟ್ರು ಇಬ್ಬರೂ ಬರಲಿ. ಪಕ್ಕದ ಬೀದಿಯ ಹಿಂದೂ, ಕ್ರೈಸ್ತ ಮಕ್ಕಳನ್ನೂ ಕರೆಯಲಿ. ಬೀದಿ ಎಲ್ಲರದು. ನಾಲ್ಕು, ಸಂಗ್ರಹವಾದ ಹಣದಲ್ಲಿ ಅರ್ಧವನ್ನು ಮುಟ್ಟದೆ ಮೂರು ವರ್ಷಗಳ ಕಾರ್ಯಕ್ರಮಕ್ಕೆ ಮೀಸಲಿಡಲಿ: ಭಾನುವಾರದ ಕಥೆ ಹೇಳುವಿಕೆ, ಸಂಜೆಯ ಓದು, ಹುಡುಗಿಯರ ಆಟಕ್ಕೆ ನಿಗದಿಯಾದ ಹೊತ್ತು. ಬೀಗದ ಕೈ ಯಾರ ಬಳಿ ಇರಬೇಕು, ಯಾರು ಗುಡಿಸಬೇಕು ಎಂಬುದನ್ನೂ ಮೊದಲೇ ಬರೆದಿಡಲಿ.

ಯೋಗ್ಯವಾದ ಒಂದು ಜಾಗದಲ್ಲಿ ಕುಳಿತು ಬೆಳೆದ ಮಗುವಿಗೆ ಈ ನಗರ ತನ್ನದು ಎನ್ನಿಸುತ್ತದೆ. ಕಸದ ಪಕ್ಕದಲ್ಲಿಯೇ ಬೆಳೆದ ಮಗುವಿಗೆ ತಾನೂ ಬೇಡವಾದವನು ಎನ್ನಿಸಬಹುದು. ಆ ಮಗುವಿಗೆ ನಾವು ಎಷ್ಟು ಪುಸ್ತಕ ಹಂಚಿದರೂ ಸಾಲದು. ಮುಂದಿನ ವಾರ್ಷಿಕೋತ್ಸವದ ವರದಿಯಲ್ಲಿ ಎಷ್ಟು ಮಂದಿಗೆ ವಿದ್ಯಾರ್ಥಿವೇತನ ಕೊಟ್ಟೆವು ಎಂಬುದರ ಜೊತೆಗೆ ಎಷ್ಟು ಅಡಿ ಜಾಗವನ್ನು ಮಕ್ಕಳಿಗೆ ಬಿಡಿಸಿಕೊಟ್ಟೆವು ಎಂಬ ಒಂದು ಸಾಲೂ ಇರಲಿ ಎಂದು ಕಾರ್ಯದರ್ಶಿಯವರನ್ನು ಕೋರುತ್ತೇನೆ.

ನಮ್ಮ ಪ್ರಯತ್ನಗಳನ್ನು ಅಲ್ಲಾಹನು ಸ್ವೀಕರಿಸಲಿ, ಆಮೀನ್.