ಗಾಯಕ್ಕೂ ಬಸಿಗಾಲುವೆ ಬೇಕೇ?
(ಅರಳಿಕಟ್ಟೆಯ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬಸಿಗಾಲುವೆಯ ಮಾತನ್ನು ನಿಮ್ಮ ಮುಂದೆ ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ತೋಟದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಬಸಿದು ಹೊರಗೆ ಬಿಡಿ ಎನ್ನುತ್ತಲೇ ಬಂದಿದ್ದೇನೆ. ಇದೇ ಮಾತನ್ನು ಆಸ್ಪತ್ರೆಯಲ್ಲಿ ಆಡಲು ಹೋಗಿ ಪೆಚ್ಚಾದೆ.

ನಮ್ಮ ದೊಡ್ಡಪ್ಪ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆಯ ಕತ್ತು ಮುರಿದುಕೊಂಡರು. ಡಾಕ್ಟರು ಸೊಂಟದ ಕೀಲನ್ನು ತೆಗೆದು ಕೃತಕ ಕೀಲು ಜೋಡಿಸಿದರು. ಪಕ್ಕದ ಮಂಚದವರಿಗೂ ಅದೇ ಶಸ್ತ್ರಕ್ರಿಯೆ. ಅವರ ತೊಡೆಯಿಂದ ಸಣ್ಣ ಕೊಳವೆಯೊಂದು ಹೊರಬಂದು ಸೀಸೆಗೆ ರಕ್ತ ಇಳಿಯುತ್ತಿತ್ತು. ದೊಡ್ಡಪ್ಪನಿಗೆ ಅದಿರಲಿಲ್ಲ. "ನಾವು ಬಡವರೆಂದು ಬಿಟ್ಟರೇನಪ್ಪ? ಕೆಟ್ಟ ರಕ್ತ ಒಳಗೇ ನಿಂತರೆ ಕೀವಾಗದೇ?" ಎಂದು ದೊಡ್ಡಮ್ಮ ಅತ್ತರು. ನನಗೂ ಹಾಗೆಯೇ ತೋರಿತು. ಡಾಕ್ಟರನ್ನು ಕೇಳಿಯೇಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ಹಿಂದೆ ಹೆಚ್ಚುಕಡಿಮೆ ಎಲ್ಲರಿಗೂ ಕೊಳವೆ ಇಡುತ್ತಿದ್ದರಂತೆ. ಕಾರಣ ನಮ್ಮದೇ ತರ್ಕ. ಆಮೇಲೆ ಇಟ್ಟವರನ್ನೂ ಇಡದವರನ್ನೂ ಹೋಲಿಸಿದರು, ನಾವು ಗೊಬ್ಬರ ಹಾಕಿದ ಸಾಲಿನ ಪಕ್ಕದಲ್ಲೇ ಹಾಕದ ಸಾಲು ಬೆಳೆದು ನೋಡುವಂತೆ. ಮೂಳೆ ಕೀಲುಗಳ ಶಸ್ತ್ರಕ್ರಿಯೆಯ ಇಂಥ 36 ಪ್ರಯೋಗಗಳನ್ನು 2007ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಲಾಯಿತು. ಅವುಗಳಲ್ಲಿದ್ದ ರೋಗಿಗಳು 5,464 ಮಂದಿ. ನಂಜಿನಲ್ಲಾಗಲಿ, ರಕ್ತ ಗಡ್ಡೆಕಟ್ಟುವುದರಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕೊಳವೆ ಇಟ್ಟವರಿಗೇ ಹೊರಗಿನಿಂದ ರಕ್ತ ಕೊಡಬೇಕಾದದ್ದು ಹೆಚ್ಚು. ಇಡದವರಲ್ಲಿ ಪಟ್ಟಿ ಹೆಚ್ಚು ಒದ್ದೆಯಾಗುತ್ತಿತ್ತು, ಚರ್ಮ ಹೆಚ್ಚು ನೀಲಿಗಟ್ಟುತ್ತಿತ್ತು.

ಮೈ ಹೊಲವಲ್ಲ ನೋಡಿ. ಒಳಗೆ ಒಸರಿದ ರಕ್ತ ಹೆಪ್ಪುಗಟ್ಟಿ, ಒತ್ತಡ ಕೊಟ್ಟು, ಸೋರುವ ಸಣ್ಣ ನಾಳಗಳ ಬಾಯನ್ನು ತಾನೇ ಮುಚ್ಚುತ್ತದೆ. ಉಳಿದದ್ದನ್ನು ಮೈ ಮೆಲ್ಲಗೆ ಹೀರಿಕೊಳ್ಳುತ್ತದೆ. ಸೀಸೆ ಎಳೆಯುತ್ತಲೇ ಇದ್ದರೆ ಆ ಒತ್ತಡ ಸಡಿಲುತ್ತದೆ. ಕೊಳವೆ ಬಹಳ ದಿನ ಇದ್ದರೆ ಕ್ರಿಮಿಗಳಿಗೂ ಅದೇ ದಾರಿ. ಆದ್ದರಿಂದ ಇಟ್ಟರೂ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತೆಗೆಯುತ್ತಾರೆ. ರಕ್ತಸ್ರಾವ ನೋಡಿ ಬೇಕೆನಿಸಿದ ಡಾಕ್ಟರು ಈಗಲೂ ಇಡುತ್ತಾರೆ. ಅದು ಹಣದ ಮಾತಲ್ಲ.

ನಿಮ್ಮವರಿಗೆ ಕೊಳವೆ ಇಟ್ಟಿದ್ದರೆ ಸೀಸೆ ಗಾಯಕ್ಕಿಂತ ಕೆಳಗಿರಲಿ. ಹೊರಳುವಾಗ ಎಳೆದೀತು, ಜೋಕೆ. ಬಿರಡೆಯನ್ನು ನೀವಾಗಿ ಬಿಚ್ಚಬೇಡಿ. ಬೇಗಬೇಗನೆ ಕೆಂಪು ರಕ್ತ ತುಂಬಿದರೆ ದಾದಿಯನ್ನು ಕೂಗಿ.

ದೊಡ್ಡಪ್ಪ ಮನೆಗೆ ಬಂದಾಗ ತೊಡೆಯೆಲ್ಲ ನೇರಳೆಹಣ್ಣಿನ ಬಣ್ಣ. ಅದು ಕೆಲವು ವಾರಗಳಲ್ಲಿ ತಾನೇ ಮಾಯವಾಯಿತು. ಆದರೆ ಒಂಬತ್ತನೆಯ ದಿನ, ಒಣಗಿದ್ದ ಪಟ್ಟಿ ಮತ್ತೆ ಒದ್ದೆಯಾಯಿತು. ದೊಡ್ಡಮ್ಮ ಅರಿಸಿನ ಅರೆಯಲು ಕುಳಿತರು. ನಾನು ತಡೆದು, ಅದೇ ಸಂಜೆ ಬಾಡಿಗೆ ಕಾರು ಮಾಡಿ ಆಸ್ಪತ್ರೆಗೆ ಕರೆದೊಯ್ದೆ. ನಂಜು ಮೊದಲಾಗಿತ್ತು. ಗಾಯವನ್ನು ಮತ್ತೆ ತೆರೆದು ತೊಳೆದರು, ಕೀಲು ಉಳಿಯಿತು. ತಡವಾಗಿದ್ದರೆ ಅದನ್ನೇ ತೆಗೆಯಬೇಕಾಗುತ್ತಿತ್ತಂತೆ. ಕೊಳವೆ ಇಡದ್ದರಿಂದಲೇ ಹೀಗಾಯಿತೇ ಎಂದು ಕೇಳಿದೆ. ಇಟ್ಟವರಿಗೂ ಆಗುತ್ತದೆ ಎಂದರು.

ಗಾಯ ಒಸರುವುದು ನಿಲ್ಲದಿದ್ದರೆ, ಕೀವು, ಜ್ವರ, ಕೆಂಪು ಊತ ಕಂಡರೆ ಅಥವಾ ನೋವು ಏರುತ್ತಿದ್ದರೆ ಅಂಗಡಿಯ ಮಾತ್ರೆ ನುಂಗಿಸಿ ಕಾಯಬೇಡಿ. ಶಸ್ತ್ರಕ್ರಿಯೆ ಆದ ಆಸ್ಪತ್ರೆಗೆ ಅಂದೇ ಹೊರಡಿ, ಅಲ್ಲಿ ಕೊಟ್ಟ ಚೀಟಿಗಳನ್ನೆಲ್ಲ ಕಟ್ಟಿಕೊಂಡು.