ಹಳೇ ಹಾಯಿದೋಣಿಯ ಬ್ಯಾಲೆನ್ಸ್ ಶೀಟ್

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಮೊದಲು ಎರಡು ಸದ್ದು ಕೇಳಿಸ್ತೀನಿ. ಇಯರ್‌ಫೋನ್ ಹಾಕಿಕೊಂಡಿದ್ರೆ ಒಳ್ಳೇದು.

[ಸದ್ದು: ಟಣ್, ಟಣ್, ಟಣ್]

[ಸದ್ದು: ಡಬ್, ಡಬ್]

ಎರಡೂ ಒಂದೇ ದೋಣಿಯ ಸದ್ದು. ಮೊದಲನೇದು ಗಟ್ಟಿ ಪ್ಲೈವುಡ್. ಎರಡನೇದು ಒಳಗೊಳಗೇ ಕೊಳೆತ ಪ್ಲೈವುಡ್. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದ್ದು, ಅಷ್ಟೆ. ಹಲಸಿನ ಹಣ್ಣು ತಟ್ಟಿ ನೋಡ್ತೀವಲ್ಲ, ಹಾಗೆ. ಹೋದ ವರ್ಷ ಈ ಎರಡನೇ ಸದ್ದು ಕೇಳಿಸಿಯೂ ಕೇಳಿಸದ ಹಾಗೆ ನಾನು ಒಂದು ರೇಸ್‌ಗೆ ಹೋಗಿದ್ದೆ. ಇವತ್ತಿನ ಮಾತು ಅದರ ಬಗ್ಗೆ.

ನಮ್ಮ ಮನೆ ಜೆಪಿ ನಗರದಲ್ಲಿ. ಮೂವತ್ತು-ನಲವತ್ತರ ಸೈಟು, ಮುಂದೆ ಒಂದು ಪೋರ್ಟಿಕೊ. ಅಲ್ಲಿ ಕಾರಿನ ಬದಲು ಬೋರಲು ಹಾಕಿದ ದೋಣಿ ಇದೆ. ಅದು ಟೆಂಪೊದಲ್ಲಿ ಬಂದಿಳಿದ ದಿನ ಪಕ್ಕದ ಮನೆ ಅಂಕಲ್ ಕೇಳಿದ್ರು, "ಏನಪ್ಪಾ, ಮಳೆ ಬಂದಾಗ ಸಿಲ್ಕ್ ಬೋರ್ಡ್‌ಗೆ ಶಟಲ್ ಬಿಡ್ತೀಯಾ?" ನಕ್ಕುಬಿಟ್ಟೆ. ಈ ಊರಲ್ಲಿ ಅದು ಪೂರ್ತಿ ಜೋಕೂ ಅಲ್ಲ.

ಸಮುದ್ರ ಇಲ್ಲದ ಊರಿಗೆ ಹಾಯಿದೋಣಿ ಯಾಕೆ ಅಂತ ಕೇಳೋರಿಗೆ ನಾನು ಹಲಸೂರು ಕೆರೆ ತೋರಿಸ್ತೀನಿ. ಅಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು ಹಾಯಿ ಬಿಚ್ಚಿ ಅಭ್ಯಾಸ ಮಾಡ್ತಾರೆ. ಅವರು ಸೇರಿರೋ ಸೇನೆಯ ಎಂಜಿನಿಯರ್ ದಳದವರೇ 'ತೃಷ್ಣಾ' ಅನ್ನೋ 37 ಅಡಿಯ ದೋಣಿಯಲ್ಲಿ ಭೂಮಿಗೆ ಒಂದು ಸುತ್ತು ಹಾಕಿ ಬಂದದ್ದು. 1985ರ ಸೆಪ್ಟೆಂಬರ್‌ನಲ್ಲಿ ಮುಂಬೈಯಿಂದ ಹೊರಟು 1987ರ ಜನವರಿಯಲ್ಲಿ ವಾಪಸ್ ಬಂದ್ರು. ಅದು ಹೊಸ ದೋಣಿ ಆಗಿರಲಿಲ್ಲ. ಇಂಗ್ಲೆಂಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್!

ನಮ್ಮದು ಅಷ್ಟು ದೊಡ್ಡದಲ್ಲ. 'ಎಂಟರ್‌ಪ್ರೈಸ್' ಅನ್ನೋ ಜಾತಿ. 1956ರಲ್ಲಿ ಜಾಕ್ ಹೋಲ್ಟ್ ಅನ್ನೋ ಇಂಗ್ಲಿಷ್ ವಿನ್ಯಾಸಕಾರ ರೂಪಿಸಿದ್ದು. ನಾಲ್ಕು ಮೀಟರ್ ಉದ್ದ, ನೀಲಿ ಹಾಯಿ, ಇಬ್ಬರು ಕೂರಬೇಕು. ಹಿಂದೆ ಚುಕ್ಕಾಣಿ ಹಿಡಿಯೋನು ನಾನು, ಮುಂದಿನ ಹಾಯಿ ನೋಡಿಕೊಳ್ಳೋಳು ನನ್ನ ತಂಗಿ. ಜಯನಗರದ ಕಾಲೇಜಿನಲ್ಲಿ ಫೈನಲ್ ಇಯರ್ ಓದ್ತಿದ್ದಾಳೆ. ಹಳೇ ಮರದ ದೋಣಿ 60,000ಕ್ಕೆ ಸಿಕ್ತು. ಸಸ್ತಾ ಅಂದುಕೊಂಡೆ. ನಾನು ಬಿಕಾಂ ಓದಿದವನು. ಕೊಂಡ ಬೆಲೆ ಬೇರೆ, ಇಟ್ಟುಕೊಳ್ಳೋ ಖರ್ಚು ಬೇರೆ ಅಂತ ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡವನು.

ಈ ದೋಣಿಯ ಹೊರಮೈ ಕನಿಷ್ಠ ಇಷ್ಟು ತೂಕ ಇರಬೇಕು ಅಂತ ನಿಯಮ ಇದೆ. ನಮ್ಮದನ್ನ ಗುಜರಿ ಅಂಗಡಿ ತಕ್ಕಡಿಗೆ ಹಾಕಿದ್ರೆ 103 ಕೆಜಿ ಬಂತು. ಆ ಹೆಚ್ಚಿನ ತೂಕ ಎಲ್ಲಿಂದ? ಬಣ್ಣ, ಪುಟ್ಟಿ, ಮುಖ್ಯವಾಗಿ ಮರ ಕುಡಿದ ನೀರು. ಅರ್ಧ ಮೂಟೆ ಅಕ್ಕಿ ಇಟ್ಟುಕೊಂಡು ರೇಸ್ ಮಾಡಿದ ಹಾಗೆ.

ಬೇರೆ ಬೇರೆ ಜಾತಿಯ ದೋಣಿಗಳು ಒಟ್ಟಿಗೆ ಓಡಿದಾಗ ಒಂದು ಲೆಕ್ಕ ಹಾಕ್ತಾರೆ. ಪ್ರತಿ ಜಾತಿಗೂ ಒಂದು ನಂಬರ್. ತಗೊಂಡ ಸಮಯವನ್ನ ಸಾವಿರದಿಂದ ಗುಣಿಸಿ ಆ ನಂಬರ್‌ನಿಂದ ಭಾಗಿಸೋದು. ಎಂಟರ್‌ಪ್ರೈಸ್‌ಗೆ ಸುಮಾರು 1120 ಅಂದುಕೊಳ್ಳಿ, ನಾವು 60 ನಿಮಿಷ ತಗೊಂಡ್ರೆ ಲೆಕ್ಕದಲ್ಲಿ ಐವತ್ಮೂರೂವರೆ ನಿಮಿಷ. ನಿಧಾನದ ದೋಣಿಗೂ ನ್ಯಾಯ ಸಿಗ್ತದೆ. ಆದ್ರೆ ಈ ರಿಯಾಯ್ತಿ ದೋಣಿಯ ಜಾತಿಗೆ ಮಾತ್ರ. ನೀವು ನೋಡಿಕೊಳ್ಳದೆ ಬಿಟ್ಟಿದ್ದಕ್ಕೆ ಯಾವ ಸೂತ್ರದಲ್ಲೂ ರಿಯಾಯ್ತಿ ಇಲ್ಲ.

ಹೋದ ವರ್ಷ ಆಷಾಢದಲ್ಲಿ ಕೆಆರ್‌ಎಸ್ ಹಿನ್ನೀರಿನಲ್ಲಿ ಒಂದು ರೇಸ್ ಇತ್ತು. ಆಷಾಢದ ಗಾಳಿ ಗೊತ್ತಲ್ಲ, ನಮಗೆ ಹಬ್ಬ. ಹೊರಡೋ ಹಿಂದಿನ ಗುರುವಾರ ದೋಣಿ ತಟ್ಟಿ ನೋಡ್ತಾ ಇದ್ದೆ. ಎಡಗಡೆ, ಹಾಯಿಯ ಕಂಬವನ್ನ ಹಿಡಿದಿಡೋ ತಂತಿಯನ್ನ ಒಂದು ಲೋಹದ ಪಟ್ಟಿಗೆ ಸಿಗಿಸಿರ್ತೀವಿ. ಆ ಪಟ್ಟಿಯ ಸ್ಕ್ರೂಗಳ ಸುತ್ತ "ಡಬ್" ಅಂತು. ಸ್ಕ್ರೂ ತೂತಿನಿಂದ ನೀರಿಳಿದು ಒಳಗಿನ ಮರ ಮೆತ್ತಗಾಗಿತ್ತು. ಬಿಚ್ಚಿದ್ರೆ ಮೂರು ವಾರದ ಕೆಲಸ. ರೇಸ್ ಭಾನುವಾರ. ಬನಶಂಕರಿಯ ಅಂಗಡಿಯಿಂದ ಪುಟ್ಟಿ ತಂದು ತುಂಬಿ, ಉಜ್ಜಿ, ಮೇಲೆ ಬಣ್ಣ ಹೊಡೆದೆ. ಕನ್ನಡಿ ಥರ ಹೊಳೀತಿತ್ತು. ಅಕೌಂಟ್ಸ್‌ನಲ್ಲಿ ಇದಕ್ಕೆ ವಿಂಡೋ ಡ್ರೆಸ್ಸಿಂಗ್ ಅಂತಾರೆ. ತಂಗಿಗೆ ಹೇಳಲಿಲ್ಲ.

ಎರಡನೇ ಸುತ್ತಿನಲ್ಲಿ ನಾವು ಮುಂದಿನ ಗುಂಪಿನಲ್ಲೇ ಇದ್ವಿ. ಎಡಗಡೆಯಿಂದ ಗಾಳಿ. ಇಬ್ಬರೂ ಅಂಚಿನ ಮೇಲೆ ಕೂತು ಹಿಂದಕ್ಕೆ ವಾಲಿದ್ವಿ. ಒಂದು ಜೋರು ಗಾಳಿ ಬಂತು. ಫಟ್ ಅಂತ ಸದ್ದು. ಪಟ್ಟಿ ಸ್ಕ್ರೂ ಸಮೇತ ಕಿತ್ತು ಬಂತು. ತಂತಿ ಚಾಟಿ ಥರ ಬೀಸಿ ತಂಗಿ ಕಿವಿ ಪಕ್ಕದಲ್ಲೇ ಹೋಯ್ತು. ಕಂಬ ಆ ಕಡೆ ಬಿತ್ತು, ನಾವಿಬ್ಬರು ಈ ಕಡೆ ನೀರಿಗೆ. ಲೈಫ್ ಜಾಕೆಟ್ ಇತ್ತು, ರಕ್ಷಣಾ ದೋಣಿ ಬಂತು. ಯಾರಿಗೂ ಏನೂ ಆಗಲಿಲ್ಲ. ಆ ಪಟ್ಟಿ ನಾಲ್ಕು ಬೆರಳು ಈ ಕಡೆ ಬಂದಿದ್ರೆ ನಾನು ಈ ಎಪಿಸೋಡ್ ಮಾಡ್ತಿರಲಿಲ್ಲ.

ವಾಪಸ್ ಬರೋವಾಗ ಹಳೇ ರಸ್ತೆಗಿಳಿದು ಮದ್ದೂರಿನಲ್ಲಿ ನಿಲ್ಲಿಸಿದ್ವಿ. ಅಲ್ಲಿವರೆಗೂ ಅವಳು ಒಂದು ಮಾತಾಡಿರಲಿಲ್ಲ. ವಡೆ ತಟ್ಟೆ ಮುಟ್ಟದೇ ಕೇಳಿದ್ಲು, "ಅಣ್ಣ, ನಿಂಗೆ ಗೊತ್ತಿತ್ತಾ?"

ಗೊತ್ತಿತ್ತು ಅಂದೆ.

"ನಂಗೆ ಹೇಳಿದ್ರೆ ನಾನೂ ಬರ್ತಿದ್ದೆನೋ ಏನೋ. ಆದ್ರೆ ಅದು ನಾನು ಯೋಚ್ನೆ ಮಾಡಬೇಕಾದ್ದು, ನೀನಲ್ಲ" ಅಂದ್ಲು. ಅಷ್ಟೇ ಮಾತು.

ಆಮೇಲೆ ಸರಿಯಾಗಿ ಕೆಲಸ ಮಾಡಿದೆ. ಸಾರಕ್ಕಿಯ ಬಡಗಿ ಮೇಸ್ತ್ರಿ ನೋಡಿ, "ಸಾರ್, ಕೊಳೆತಿದ್ದಕ್ಕೆ ಪಟ್ಟಿ ಹೊಡೆದ್ರೆ ಸ್ಕ್ರೂ ಏನನ್ನ ಹಿಡ್ಕೋಬೇಕು?" ಅಂದ್ರು. ಗಟ್ಟಿ ಮರ ಸಿಗೋವರೆಗೂ ಕತ್ತರಿಸಿದ್ವಿ. ಮೂರು ವಾರ ಫ್ಯಾನ್ ಇಟ್ಟು ಒಣಗಿಸಿದ್ದಾಯ್ತು, ಹಸಿ ಮರಕ್ಕೆ ಇಪಾಕ್ಸಿ ಸರಿಯಾಗಿ ಹಿಡಿಯಲ್ಲ. ಅಂಗಡೀಲಿ 710 ಅಂತ ಕೇಳಿದ್ರೆ ಕೊಡೋ ಮರೀನ್ ಪ್ಲೈ ತಂದೆ. ಹೊಸದು ಹಳೇದು ಸೇರೋ ಕಡೆ ನೇರ ಕತ್ತರಿಸಬಾರದು. ದಪ್ಪದ ಎಂಟರಷ್ಟು ಉದ್ದಕ್ಕೆ ಇಳಿಜಾರು ಕೊಡಬೇಕು, ಆರು ಮಿಲಿಮೀಟರ್‌ಗೆ ನಲವತ್ತೆಂಟು. ತೂತುಗಳನ್ನ ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಇಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರೊಳಗೆ ಮತ್ತೆ ಕೊರೆದೆ. ಈಗ ನೀರು ಇಳಿದ್ರೂ ಮರಕ್ಕೆ ತಾಗಲ್ಲ. ಸ್ಕ್ರೂ ಬದಲು ಬೋಲ್ಟು, ಅಡಿಗೆ ಒಂದು ಗಟ್ಟಿ ಹಲಗೆ. ತೂಕ ಈಗ 98.

ಆ ದಿನಗಳಲ್ಲಿ ಅಭಿಲಾಷ್ ಟಾಮಿ ಅವರ ಕಥೆ ತುಂಬಾ ಓದಿದೆ. 2018ರ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ಕಂಬ ಮುರಿದು, ಬೆನ್ನಿಗೆ ಪೆಟ್ಟಾಗಿ, ಹಿಂದೂ ಮಹಾಸಾಗರದ ಮಧ್ಯದಿಂದ ಅವರನ್ನ ರಕ್ಷಿಸಬೇಕಾಯ್ತು. 1988ಕ್ಕಿಂತ ಹಿಂದಿನ ವಿನ್ಯಾಸದ ದೋಣಿಗಳೇ ಆ ರೇಸ್‌ನಲ್ಲಿ ಓಡಬೇಕು. ಅವರು 2022ರಲ್ಲಿ ಮತ್ತೆ ಹೊರಟು, ಒಬ್ಬರೇ 236 ದಿನ ಸಾಗಿ ಎರಡನೆಯವರಾಗಿ ಬಂದ್ರು. ದಾರೀಲಿ ಚುಕ್ಕಾಣಿ ನೋಡಿಕೊಳ್ಳೋ ಸಾಧನ ಕೆಟ್ಟಾಗ ಟಾಯ್ಲೆಟ್ ಬಾಗಿಲನ್ನೇ ಕತ್ತರಿಸಿ ರಿಪೇರಿಗೆ ಬಳಸಿದ್ರು. ಅದೂ ತೇಪೆಯೇ, ನನ್ನದೂ ತೇಪೆಯೇ. ಅವರು ಕೆಟ್ಟಿದ್ದನ್ನ ಒಪ್ಪಿಕೊಂಡು ಹಾಕಿದ್ರು. ನಾನು ಮುಚ್ಚೋಕೆ ಹಾಕಿದ್ದೆ.

ತಂಗಿ ನಾಲ್ಕು ತಿಂಗಳ ಮೇಲೆ ವಾಪಸ್ ಬಂದ್ಲು, ಒಂದು ಷರತ್ತಿನ ಮೇಲೆ. ರೇಸ್‌ಗೆ ಮೊದಲು ದೋಣಿ ತಟ್ಟೋಳು ಅವಳು. ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೀತಾಳೆ, ಕೆಳಗೆ ಇಬ್ಬರೂ ಸಹಿ ಹಾಕ್ತೀವಿ. ಆಡಿಟ್ ಅಂತ ನಾನು ತಮಾಷೆ ಮಾಡಿದ್ರೆ ಅವಳು ನಗಲ್ಲ.

ಶುರುವಲ್ಲಿ ಕೇಳಿಸಿದ ಎರಡನೇ ಸದ್ದು ಹಳೇದಲ್ಲ. ಹೋದ ಭಾನುವಾರ ನಮ್ಮ ಪೋರ್ಟಿಕೊದಲ್ಲಿ ರೆಕಾರ್ಡ್ ಮಾಡಿದ್ದು. ದೋಣಿಯ ನಡುವೆ ಸೆಂಟರ್‌ಬೋರ್ಡ್ ಇಳಿಸೋ ಪೆಟ್ಟಿಗೆಯ ಬುಡದಲ್ಲಿ ಅವಳಿಗೆ ಸಿಕ್ತು. ಮುಂದಿನ ರೇಸ್‌ಗೆ ಹದಿಮೂರು ದಿನ ಇತ್ತು, ಎಂಟ್ರಿ ಫೀ ಕಟ್ಟಿಯಾಗಿತ್ತು. ಅವಳು ನನ್ನ ಮುಖ ನೋಡಿದ್ಲು. ನೋಟ್‌ಬುಕ್ ತಗೊಂಡು ನಾನೇ ಬರೆದೆ: "ಈ ರೇಸ್‌ಗೆ ಹೋಗ್ತಿಲ್ಲ."

ಬೇಜಾರಾಗಿದೆ, ಸುಳ್ಳು ಹೇಳಲ್ಲ. ಈ ಸಲ ಗಾಳಿ ಚೆನ್ನಾಗಿರೋ ಹಾಗಿದೆ. ಆದ್ರೆ ನಾಳೆ ಬೆಳಿಗ್ಗೆ ಸಾರಕ್ಕಿ ಮೇಸ್ತ್ರಿ ಬರ್ತಾರೆ. ಅವರು ಬರೋ ಮುಂಚೆ ಪುಟ್ಟಿ ಎಲ್ಲಾ ಕೆರೆದಿಡಬೇಕು.