ಮನೆಯಿಂದ ಹೊರಟ ನೀರು



ಗಂಗಾಸ್ನಾನ, ತುಂಗಾಪಾನ ಎಂದು ನಮ್ಮ ಹಿರಿಯರು ಹೇಳುತ್ತ ಬಂದರು. ಮೀಯುವುದಾದರೆ ಗಂಗೆಯಲ್ಲಿ ಮೀಯಬೇಕು, ಕುಡಿಯುವುದಾದರೆ ತುಂಗೆಯ ನೀರು ಕುಡಿಯಬೇಕು. ಶಿವಮೊಗ್ಗೆಯ ತುಂಗೆಯೂ ಭದ್ರಾವತಿಯ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ತುಂಗಭದ್ರೆಯಾಗುತ್ತವೆ. ಆ ಪುಣ್ಯದ ನೀರು ಈಗ ಹೇಗಿದೆ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದ 351 ಕಲುಷಿತ ನದಿಪಾತ್ರಗಳನ್ನು ಪಟ್ಟಿಮಾಡಿತು. ಶಿವಮೊಗ್ಗೆಯಿಂದ ಕೂಡಲಿಯವರೆಗಿನ ತುಂಗೆ, ಭದ್ರಾವತಿಯಿಂದ ಹೊಳೆಹೊನ್ನೂರಿನವರೆಗಿನ ಭದ್ರೆ, ಎರಡೂ ಅದರಲ್ಲಿ ಸೇರಿದ್ದವು.

ಹೊಳೆ ಕೆಟ್ಟಿತೆಂದರೆ ನಾವು ಕಾರ್ಖಾನೆಯ ಕಡೆ ಬೆರಳು ತೋರಿಸುತ್ತೇವೆ. ಭದ್ರಾವತಿಯ ಕಾಗದದ ಕಾರ್ಖಾನೆ 2015ರಲ್ಲೇ ಉತ್ಪಾದನೆ ನಿಲ್ಲಿಸಿತ್ತು. ಆದರೂ ಭದ್ರೆಯ ಹೆಸರು ಪಟ್ಟಿಯಿಂದ ತಪ್ಪಲಿಲ್ಲ. ಕಾರ್ಖಾನೆ ನಿಂತರೂ ನಮ್ಮ ಬಚ್ಚಲು ನಿಲ್ಲಲಿಲ್ಲವಲ್ಲ!

ನಗರದ ಒಳಚರಂಡಿಯನ್ನು ನಗರಾಡಳಿತ ನೋಡಿಕೊಳ್ಳಬೇಕು. ಅದನ್ನು ಕೇಳುವುದು ನಿಮ್ಮ ಹಕ್ಕು. ಹಳ್ಳಿಯ ಮಾತೇನು? 2019ರ ಜಲಜೀವನ ಯೋಜನೆ ತಲೆಗೆ ದಿನಕ್ಕೆ 55 ಲೀಟರು ನೀರು ಕೊಡಬೇಕೆಂದಿತು. ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳೆಯಾಗಿ ಹೊರಬೀಳುತ್ತದೆಂಬುದು ಎಂಜಿನಿಯರುಗಳ ಲೆಕ್ಕ. ಐವರಿರುವ ಮನೆಗೆ 220 ಲೀಟರು. ಇನ್ನೂರು ಮನೆಯ ಊರಿಗೆ 44,000 ಲೀಟರು! ನೀರು ಬರುವ ದಾರಿ ಮಾಡಿದೆವು, ಹೋಗುವ ದಾರಿ ಮರೆತೆವು.

ಉಪಾಯ ದೊಡ್ಡದಲ್ಲ. ಬಚ್ಚಲ ನೀರನ್ನೂ ಕಕ್ಕಸಿನ ನೀರನ್ನೂ ಬೆರೆಸಬೇಡಿರಿ. ಬಚ್ಚಲ ನೀರಿಗೆ ಒಂದು ಮೀಟರು ಉದ್ದ, ಅಗಲ, ಆಳದ ಗುಂಡಿ ತೆಗೆದು ಕಲ್ಲು ತುಂಬಿರಿ. ಗುಂಡಿಯ ಮೊದಲು ಒಂದು ಸಣ್ಣ ತೊಟ್ಟಿ ಇರಲಿ. ಜಿಡ್ಡು, ಅಗುಳು ಅಲ್ಲೇ ಉಳಿದರೆ ಗುಂಡಿ ಕಟ್ಟಿಕೊಳ್ಳುವುದಿಲ್ಲ. ತೊಟ್ಟಿಯನ್ನು ಆಗಾಗ ಬಳಿಯಬೇಕು. ಕುಡಿಯುವ ಬಾವಿಯಿಂದ ಗುಂಡಿ ದೂರವಿರಲಿ. ಜೇಡಿಮಣ್ಣಿನಲ್ಲಿ, ಮಳೆಗಾಲಕ್ಕೆ ನೀರು ಮೇಲೇಳುವ ಜಾಗದಲ್ಲಿ ಗುಂಡಿ ಇಂಗಿಸದು. ಅಲ್ಲಿ ಬಾಳೆಯ ಪಾತಿಗೆ ಹರಿಸಿರಿ. ಕಕ್ಕಸಿಗೆ ಎರಡು ಗುಂಡಿ ಮಾಡಿರಿ. ಒಂದು ತುಂಬಿದಾಗ ಮುಚ್ಚಿ ಇನ್ನೊಂದಕ್ಕೆ ತಿರುಗಿಸಿರಿ. ಮುಚ್ಚಿದ್ದು ನೀರು ಸೇರದೆ ಒಂದೆರಡು ವರ್ಷ ಒಣಗಿದರೆ ಗೊಬ್ಬರವಾಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ತುಂಬಿದ ಮಲದ ಗುಂಡಿಗೆ ಬಡವನೊಬ್ಬನನ್ನು ಇಳಿಸಿ, ಕೈಗೆ ನಾಲ್ಕು ಕಾಸು ಕೊಟ್ಟು, ದೂರ ನಿಂತು ಮೂಗು ಮುಚ್ಚಿಕೊಳ್ಳುವುದು ಶರಣಧರ್ಮವಲ್ಲ. 2013ರ ಕಾನೂನು ಅದನ್ನು ಅಪರಾಧವೆಂದಿದೆ. ಕಾನೂನಿಗೂ ಮೊದಲೇ ಅದು ಶಿವದ್ರೋಹ. ಮಡಿವಾಳ ಮಾಚಿದೇವರು ಕೊಳೆ ತೊಳೆಯುವುದನ್ನೇ ಕಾಯಕ ಮಾಡಿಕೊಂಡರು. ಅದಕ್ಕಾಗಿ ಅವರು ಕಿರಿಯರಾದರೇ? ಶರಣರು ಅವರನ್ನು ತಂದೆಯೆಂದು ಕರೆದರು. ನಮ್ಮ ಮನೆಯ ಕೊಳೆ ನಮ್ಮ ಕಾಯಕ, ಇನ್ನೊಬ್ಬರ ಹಣೆಬರಹವಲ್ಲ.

ಅಷ್ಟಾವರಣದಲ್ಲಿ ಪಾದೋದಕವೂ ಒಂದು. ಒಂದು ಗುಟುಕನ್ನು ಅಂಗೈಯಲ್ಲಿ ಹಿಡಿದು, ಹನಿ ಕೆಳಗೆ ಬೀಳದಂತೆ ಸ್ವೀಕರಿಸುವಿರಿ. ಅದೇ ಕೈಯಿಂದ ಕೊಡಗಟ್ಟಲೆ ಕೊಳೆಯನ್ನು ಬೀದಿಗೆ ಚೆಲ್ಲಿದರೆ ಆ ಭಕ್ತಿ ಎಲ್ಲಿ ಉಳಿಯಿತು? ನೀವು ಚೆಲ್ಲಿದ್ದು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಹೊನ್ನಾಳಿ, ಹರಿಹರದ ತಾಯಂದಿರ ಕೊಡಕ್ಕೆ ಹೋಗುತ್ತದೆ. ಅವರ ಮಗು ಕುಡಿಯುವ ನೀರೂ ಶಿವನ ಪ್ರಸಾದವೇ ಅಲ್ಲವೇ?

ಮಠಕ್ಕೆ ಕಾಣಿಕೆ ತರುವ ಮೊದಲು ಹಿತ್ತಿಲಲ್ಲಿ ಗುಂಡಿಯೊಂದನ್ನು ತೋಡಿರಿ. ನೆರೆಯವರಿಗೂ ಕೈಗೂಡಿಸಿರಿ. ಅದೇ ಜಂಗಮಕ್ಕೆ ಸಲ್ಲುವ ದಾಸೋಹ.